ಹುಟ್ಟಿದ್ದಕ್ಕೆ ಸಾಕ್ಷಿ ಯಾರು?

ನಾನು ಹುಟ್ಟಿದಾಗ ನಾನು ಅಲ್ಲೇ ಇದ್ದೆ, ಆದರೆ ಅದಕ್ಕೆ ನಾನು ಸಾಕ್ಷಿಯಲ್ಲ. ಎಲ್ಲಿ, ಯಾವಾಗ ಅನ್ನೋದನ್ನೆಲ್ಲ ಅವ್ವ ಹೇಳಿದಳು, ನಂಬಿದೆ. ತಮಾಷೆಯ ಮಾತು ಅನಿಸಬಹುದು. ಆದರೆ ಅಸ್ಸಾಮಿನಲ್ಲಿ ಲಕ್ಷಾಂತರ ಜನರ ಬದುಕು ಈ ಮಾತಿಗೇ ತಗುಲಿಹಾಕಿಕೊಂಡಿದೆ.

ಕಳ್ಳತನದ ಆರೋಪವಾದರೆ ಹೊರಿಸಿದವರೇ ಸಾಬೀತು ಮಾಡಬೇಕು. ಪರದೇಶಿ ಅನ್ನೋ ಆರೋಪಕ್ಕೆ ಮಾತ್ರ ಲೆಕ್ಕ ತಿರುಗುಮುರುಗು. ಬ್ರಿಟಿಷರು ಹೊರಡುವ ಮುನ್ನಾ ವರ್ಷ, 1946ರಲ್ಲಿ, ಮಾಡಿದ ವಿದೇಶಿಯರ ಕಾಯ್ದೆಯ 9ನೇ ಕಲಂ, 'ನೀನು ವಿದೇಶಿಯಲ್ಲ ಅಂತ ನೀನೇ ತೋರಿಸು' ಎಂದಿತು. 1964ರ ಆದೇಶದಿಂದ ಇದನ್ನು ವಿಚಾರಿಸುವ ನ್ಯಾಯಮಂಡಳಿಗಳು ಬಂದವು. ಅಸ್ಸಾಮಿನಲ್ಲಷ್ಟೇ ಜಾರಿಯಾದ 1983ರ ಕಾಯ್ದೆಯಲ್ಲಿ ಹೊರೆ ಸರ್ಕಾರದ, ದೂರು ಕೊಟ್ಟವರ ಮೇಲಿತ್ತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅದರಡಿ ಪತ್ತೆಯಾದವರು ತೀರ ಕಡಿಮೆ ಅನ್ನೋದು ಕೋರ್ಟಿನ ಆಕ್ಷೇಪ. 2025ರಲ್ಲಿ 1946ರ ಕಾಯ್ದೆಯೂ ಹೋಗಿ ಹೊಸದು ಬಂತು. ಹೊರೆ ಮಾತ್ರ ಇದ್ದ ಹೆಗಲ ಮೇಲೇ ಉಳಿಯಿತು.

ಇದಕ್ಕೊಂದು ತರ್ಕವಿದೆ, ಸುಳ್ಳಲ್ಲ. ಯಾರೋ ಎಲ್ಲೋ ಹುಟ್ಟಿದ್ದನ್ನು ಸರ್ಕಾರ ಹೇಗೆ ಹುಡುಕೀತು? ಅವರಿಗೆ ಗೊತ್ತಿರುವುದನ್ನು ಅವರೇ ಹೇಳಲಿ. 1979ರಿಂದ 1985ರವರೆಗೆ ಚಳವಳಿ ಮಾಡಿದ ಅಸ್ಸಾಮಿಗರ ಭಯವೂ ಹುಸಿಯಲ್ಲ. ನಮ್ಮ ನೆಲದಲ್ಲೇ ನಮ್ಮ ಭಾಷೆ ಮೂಲೆ ಸೇರುತ್ತದೆ ಅನ್ನೋ ಸಂಕಟ ಬೆಂಗಳೂರಿನಲ್ಲಿ ಕೂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮುಂಬಯಿಯಲ್ಲಿರುವ ನನಗೆ ಅದರ ಇನ್ನೊಂದು ಮಗ್ಗುಲೂ ಕಾಣುತ್ತದೆ. 1960ರ ದಶಕದ ಕೊನೆಗೆ ಇಲ್ಲಿನ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಾಗ ನಮ್ಮವರೂ ಹೊರಗಿನವರೇ. ಆದರೆ ಹಾಗಂದವರ ಕೈಯಲ್ಲಿ ಕೋರ್ಟಿರಲಿಲ್ಲ, ಕಲ್ಲಷ್ಟೇ ಇತ್ತು.

ಹೇಳಲಿ ಅನ್ನುವವರು ಕಾಗದದಲ್ಲೇ ಹೇಳು ಅಂದಾಗ ತರ್ಕ ಮುಗ್ಗರಿಸುತ್ತದೆ. ಅವ್ವನ ಮಾತಿಗೆ ಅಲ್ಲಿ ಸಣ್ಣ ಬೆಲೆ. ತಾನೋ ತನ್ನ ಹಿರಿಯರೋ 1971ರ ಮಾರ್ಚ್ 24ರ ನಡುರಾತ್ರಿಗೆ ಮೊದಲೇ ಇಲ್ಲಿದ್ದದ್ದಕ್ಕೆ ದಾಖಲೆ ಬೇಕು. ಶಾಲೆ ಕಾಣದ, ಚಿಕ್ಕಂದಿನಲ್ಲೇ ಮದುವೆಯಾಗಿ ಬೇರೆ ಊರು ಸೇರಿದ ಹೆಂಗಸನ್ನು ನೆನೆಯಿರಿ. ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಬಂದದ್ದೇ ಗಂಡನ ಹೆಸರಿನ ಜೊತೆ. ಅಪ್ಪನಿಗೆ ಇವಳು ಮಗಳು ಅಂತ ಯಾವ ಕಾಗದ ಹೇಳಬೇಕು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತೀವಿ. ಅಲ್ಲಿ ಅವಳು ದೇಶಕ್ಕೇ ಹೊರಗು. ಇಂಥವರಿಗೆಂದು ಪಂಚಾಯಿತಿ ಕಾರ್ಯದರ್ಶಿ ಕೊಡುತ್ತಿದ್ದ ಪತ್ರ ನಡೆಯದು ಅಂತ 2017ರಲ್ಲಿ ಗುವಾಹಟಿ ಹೈಕೋರ್ಟು ಹೇಳಿತು. ಪರಿಶೀಲಿಸಿ ಒಪ್ಪಬಹುದು ಅಂತ ಅದೇ ವರ್ಷ ಸುಪ್ರೀಂ ಕೋರ್ಟು ತಿದ್ದಿತು. ನಡುವಿನ ತಿಂಗಳುಗಳಲ್ಲಿ ಆ ಹೆಂಗಸರು ಹೇಗೆ ನಿದ್ದೆ ಮಾಡಿದರೋ.

ಹೆಸರಿನ ಗತಿಯೂ ಅಷ್ಟೆ. ನನ್ನ ಹೆಸರು ಊರಿನ ಶಾಲೆಯ ದಾಖಲೆಯಲ್ಲಿ ಒಂದು ಥರ, ಇಲ್ಲಿನ ರೇಷನ್ ಕಾರ್ಡಿನಲ್ಲಿ ಮರಾಠಿ ಗುಮಾಸ್ತರ ಕಿವಿಗೆ ಬಿದ್ದ ಥರ. ವಲಸೆ ಬಂದವರ ಮನೆಯಲ್ಲಿ ಇದು ಮಾಮೂಲು, ನಕ್ಕು ಬಿಡ್ತೀವಿ. ನ್ಯಾಯಮಂಡಳಿಯ ಮುಂದೆ ನಗುವಂತಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಒಬ್ಬರ ಪೌರತ್ವ ಎತ್ತಿಹಿಡಿಯುತ್ತ, ಕಾಗುಣಿತದ ಸಣ್ಣ ವ್ಯತ್ಯಾಸಕ್ಕೆ ಯಾರನ್ನೂ ವಿದೇಶಿ ಅನ್ನಬಾರದು, ಏನೂ ಆಧಾರವಿಲ್ಲದೆ ಬರೀ ಗುಮಾನಿಯ ಮೇಲೆ ಹೊರೆ ಹೊರಿಸಬಾರದು ಎಂದಿತು. ನನಗೆ ನ್ಯಾಯ ಅನಿಸುವುದು ಇದೇ. ಕೇಳುವವರು ಮೊದಲು ಯಾಕೆ ಕೇಳ್ತಿದ್ದೀವಿ ಅಂತ ಹೇಳಲಿ.

2019ರ ಆಗಸ್ಟ್ 31ರಂದು ಪ್ರಕಟವಾದ ಅಸ್ಸಾಮಿನ ಪೌರತ್ವ ನೋಂದಣಿಯಲ್ಲಿ 19,06,657 ಜನರ ಹೆಸರಿರಲಿಲ್ಲ. ಅವರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಮೊದಲು 'ನಿಮ್ಮ ಅರ್ಜಿ ಇಂಥ ಕಾರಣಕ್ಕೆ ತಿರಸ್ಕೃತ' ಅನ್ನುವ ಚೀಟಿ ಕೈಗೆ ಬರಬೇಕು. ಐದು ವರ್ಷ ಕಳೆದಾಗಲೂ ಆ ಚೀಟಿ ಬಂದಿರಲಿಲ್ಲ.