ಸ್ಥಳಾಂತರವೂ ಶ್ರಾವಕಧರ್ಮವೂ

ಪೂಜೆ, ದಾನ, ಸ್ವಾಧ್ಯಾಯ, ಉಪವಾಸಗಳನ್ನು ಧರ್ಮಕಾರ್ಯಗಳೆಂದು ಎಲ್ಲರೂ ಒಪ್ಪುತ್ತಾರೆ. ಮನೆ ಬದಲಿಸುವುದನ್ನು ಮಾತ್ರ ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಲಾರಿಯ ಬಾಡಿಗೆ, ಹಗ್ಗ, ಗೋಣಿಚೀಲ, ಹಾಲುಕ್ಕಿಸುವ ಮುಹೂರ್ತ ಇಷ್ಟನ್ನು ನೋಡಿಕೊಂಡರೆ ಸಿದ್ಧತೆ ಮುಗಿಯಿತೆಂಬುದು ಸಾಮಾನ್ಯ ಭಾವನೆ. ಆದರೆ ತಲೆಮಾರುಗಳಿಂದ ಬಾಳಿದ ಮನೆಗೆ ಬೀಗ ಹಾಕಿ ಹೊರಡುವಾಗ ಗೃಹಸ್ಥನ ಅಹಿಂಸೆ, ಸತ್ಯ, ಅಚೌರ್ಯ ಮತ್ತು ಪರಿಗ್ರಹ ಪರಿಮಾಣ ಈ ನಾಲ್ಕು ಅಣುವ್ರತಗಳೂ ಏಕಕಾಲದಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಆದ್ದರಿಂದ ಈ ವಿಷಯವನ್ನು ಕೇವಲ ಲೌಕಿಕವೆಂದು ತಳ್ಳಿಹಾಕುವಂತಿಲ್ಲ.

ಈ ವಿಚಾರಕ್ಕೆ ಮಳಖೇಡಕ್ಕಿಂತ ಉಚಿತವಾದ ನೆಲೆ ದೊರೆಯುವುದು ಕಷ್ಟ. ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲದ ಮಾನ್ಯಖೇಟ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನು ಬೆಳೆಸಿದ ರಾಜಧಾನಿ. ಆ ಅರಸನ ಕಾಲದಲ್ಲಿಯೇ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. 972ರಲ್ಲಿ ಮಾಳವದ ಪರಮಾರ ಸೀಯಕನ ಸೈನ್ಯವು ನಗರವನ್ನು ಸೂರೆಗೊಂಡಿತು. ಮಹಾಪುರಾಣವನ್ನು ಅಪಭ್ರಂಶದಲ್ಲಿ ಬರೆದು 965ರಲ್ಲಿ ಇಲ್ಲಿಯೇ ಮುಗಿಸಿದ್ದ ಕವಿ ಪುಷ್ಪದಂತನು ಆಗ ತನಗೆ ಇನ್ನೆಲ್ಲಿ ನೆಲೆಯೆಂದು ಅಳಲಿದ ಒಂದು ಪದ್ಯವು ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ಮನೆ ಕಳೆದುಕೊಳ್ಳುವ ದುಃಖ ಈ ಊರಿಗೆ ಹೊಸದಲ್ಲ.

ಇಂದು ಊರು ಬಿಡುವವರನ್ನು ಅಟ್ಟುವ ಶತ್ರುಸೈನ್ಯವಿಲ್ಲ. ಮಕ್ಕಳ ವಿದ್ಯಾಭ್ಯಾಸ, ನೌಕರಿ, ವೃದ್ಧರ ಔಷಧೋಪಚಾರಗಳೇ ಕಾರಣ. ಮಳಖೇಡದಲ್ಲಿ ಕಿರಾಣಿ ಅಂಗಡಿಯಿಟ್ಟುಕೊಂಡಿದ್ದ ಒಂದು ಶ್ರಾವಕ ಕುಟುಂಬವು ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಗೆ ಹೋಗಲು ನಿಶ್ಚಯಿಸಿದೆಯೆಂದು ಭಾವಿಸೋಣ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುತ್ತದೆ. ಅದರ ಹಿಂದೆಯೇ ಆಷಾಢ ಬರುತ್ತದೆ. ಜೀವೋತ್ಪತ್ತಿ ಹೆಚ್ಚಾಗುವ ಮಳೆಗಾಲದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸುವರು. ಗೃಹಸ್ಥನಿಗೆ ಆ ನಿರ್ಬಂಧವಿಲ್ಲದಿದ್ದರೂ ಅದರ ಹಿಂದಿನ ದಯೆ ಅವನಿಗೂ ಅನ್ವಯಿಸುತ್ತದೆ. ಮೇಲಾಗಿ ಕಾಗಿಣಾ ತುಂಬಿ ಬಂದಾಗ ಮಳಖೇಡದ ಸೇತುವೆ ಮುಳುಗಿ ದಾರಿ ಕಡಿದದ್ದೂ ಉಂಟು. ಆದುದರಿಂದ ಹೊರಡುವ ಕಾಲ ವೈಶಾಖವಾದರೆ ಸಿದ್ಧತೆ ಮಾಘದಲ್ಲಿಯೇ ಆರಂಭವಾಗತಕ್ಕದ್ದು.

ಮೊದಲನೆಯದು ವಸ್ತುಗಳ ಲೆಕ್ಕ. ಬಾಹ್ಯ ಪರಿಗ್ರಹವನ್ನು ಶಾಸ್ತ್ರಕಾರರು ಹತ್ತು ವಿಧವಾಗಿ ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಮನೆ ಬಿಡುವವನಿಗೆ ಇದಕ್ಕಿಂತ ಉತ್ತಮವಾದ ಯಾದಿ ಬೇಕಿಲ್ಲ. ಅಟ್ಟದ ಮೇಲಿನ ತಾಮ್ರದ ಹಂಡೆ, ಮೂರು ಮದುವೆಗಳಿಂದ ಉಳಿದ ಪಾತ್ರೆ, ಯಾರೂ ಹೊದೆಯದ ಕಂಬಳಿ ಇವೆಲ್ಲ ವರ್ಷಗಳ ನಂತರ ಬೆಳಕಿಗೆ ಬರುವುದು ಈ ಸಂದರ್ಭದಲ್ಲಿಯೇ. ತನ್ನಲ್ಲಿ ಇಂಥ ವಸ್ತುವಿದೆಯೆಂಬುದನ್ನೇ ಮರೆತಿದ್ದ ಯಜಮಾನನು, ಅದನ್ನು ಬೇರೊಬ್ಬರಿಗೆ ಕೊಡಬೇಕೆಂದೊಡನೆ ಕೈ ಹಿಂದೆಳೆಯುತ್ತಾನೆ. ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾತಿ ಆಚಾರ್ಯರು ಹೇಳಿದ್ದರ ಅರ್ಥ ಆಗ ಸ್ಪಷ್ಟವಾಗುತ್ತದೆ. ಇಟ್ಟುಕೊಂಡರೆ ಬಳಸುವೆನೋ, ಇಲ್ಲದಿದ್ದರೆ ಬಳಸಬಲ್ಲವರಿಗೆ ಮುಟ್ಟಿಸುವೆನೋ ಎಂಬುದನ್ನು ಪ್ರತಿಯೊಂದು ವಸ್ತುವಿನ ಮುಂದೆ ನಿಂತು ನಿರ್ಧರಿಸಬೇಕು. ಕೊಡುವುದಾದರೆ ಗಟ್ಟಿಮುಟ್ಟಾದದ್ದನ್ನು ಕೊಡಬೇಕು. ಒಡೆದದ್ದನ್ನೂ ಹರಿದದ್ದನ್ನೂ ಬಡವರ ಮನೆಗೆ ಸಾಗಿಸಿ ದಾನವೆಂದು ಕರೆಯುವುದು ತನ್ನ ಕಸವನ್ನು ಪರರ ಅಂಗಳಕ್ಕೆ ಹಾಕಿದಂತೆಯೇ ಸರಿ.

ಎರಡನೆಯದು ಜೀವದಯೆ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಮುನಿಗಳ ಆದಾನನಿಕ್ಷೇಪಣ ಸಮಿತಿ. ಮನೆ ಕಟ್ಟಿಡುವ ವಾರದಲ್ಲಿ ಗೃಹಸ್ಥನು ಅದನ್ನು ಅಂಶತಃವಾದರೂ ಪಾಲಿಸಬಹುದು. ವರ್ಷಗಳಿಂದ ಸರಿಸದ ಪೆಟ್ಟಿಗೆಯ ಕೆಳಗೆ ಇರುವೆ, ಜೇಡ, ಗೆದ್ದಲುಗಳ ಸಂಸಾರವಿರುತ್ತದೆ. ರಾತ್ರಿಯ ಅವಸರದಲ್ಲಿ ಎಳೆದಾಡದೆ, ಹಗಲಿನಲ್ಲಿ ಮೃದುವಾದ ಪೊರಕೆಯಿಂದ ಸರಿಸಿ ಎತ್ತಬೇಕು. ತೊಗರಿ, ಜೋಳಗಳನ್ನು ಮೂರು ತಿಂಗಳ ಮುಂಚಿನಿಂದಲೇ ಕಡಿಮೆ ತರುತ್ತ ಬಂದರೆ, ಹುಳು ಬಿದ್ದ ಚೀಲವನ್ನು ಬಿಸಿಲಿಗೆ ಸುರಿಯುವ ಪಾಪ ತಪ್ಪುತ್ತದೆ. ಹಳೆಯ ಕಾಗದ, ಚಿಂದಿಗಳನ್ನು ಗುಡ್ಡೆ ಹಾಕಿ ಬೆಂಕಿಯಿಡುವುದು ಸುಲಭವೆಂದು ತೋರಬಹುದು. ಆ ಗುಡ್ಡೆಯಲ್ಲಿ ಎಷ್ಟು ಜೀವಗಳಿವೆಯೆಂದು ಯಾರು ಬಲ್ಲರು?

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡಿವೆ. ಶಕ್ತಿಮೀರಿ ಹೊರಿಸುವುದು ಮೊದಲನೆಯದು. ಹೊತ್ತಿಗೆ ಅನ್ನ-ನೀರು ಕೊಡದಿರುವುದು ಎರಡನೆಯದು. ಇರುವೆಯನ್ನು ಉಳಿಸಿದ ಮನೆಯಲ್ಲಿ ಹಮಾಲನು ಬಿಸಿಲಲ್ಲಿ ಬಾಯಾರಿ ನಿಲ್ಲುವುದುಂಟು. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಬೆಳಗಿನ ತಂಪಿನಲ್ಲಿ ಕೆಲಸ ಹಚ್ಚುವುದು, ಕೂಲಿಯನ್ನು ಮೊದಲೇ ಮಾತಾಡಿ ಪೂರ್ತಿ ಕೊಡುವುದು, ಊಟ ಹಾಕುವುದು ಉಪಕಾರವಲ್ಲ, ವ್ರತದ ಭಾಗ. ಹಟ್ಟಿಯಲ್ಲಿ ಆಕಳಿದ್ದರೆ ಅದನ್ನು ಹೆಚ್ಚಿನ ಬೆಲೆಗೆ ಮಾರುವುದಕ್ಕಿಂತ, ಸಾಕುವವರ ಕೈಗೆ ಅಥವಾ ಗೋಶಾಲೆಗೆ ಒಪ್ಪಿಸುವುದೇ ಧರ್ಮ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಪರರ ಲೆಕ್ಕ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳಿದೆ. ಒಬ್ಬನು ಹಣವನ್ನೋ ಚಿನ್ನವನ್ನೋ ನಂಬಿ ಇಟ್ಟು, ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಕೊಟ್ಟುಬಿಡುವುದು ಅದರ ಲಕ್ಷಣ. ಇದನ್ನು ಅಸತ್ಯದ ಸಾಲಿನಲ್ಲಿ ಇಟ್ಟಿರುವುದು ಗಮನಾರ್ಹ. ಇಟ್ಟವನು ಕೇಳಿದಷ್ಟನ್ನು ಕೊಟ್ಟಿದ್ದಾನೆ, ಸಾಕ್ಷಿಯಿಲ್ಲ, ತಕರಾರಿಲ್ಲ. ಆದರೂ ಲೆಕ್ಕ ಸುಳ್ಳು. ಹಳ್ಳಿಯ ಅಂಗಡಿಕಾರನ ಬಳಿ ಕೂಲಿಯ ಹೆಂಗಸರು ಕಾಲ್ಗಡಗವನ್ನೋ ಬಿಡಿಹಣವನ್ನೋ ಚೀಟಿಯಿಲ್ಲದೆ ಇಡುವ ಪದ್ಧತಿ ಹಿಂದಿನದು. ಇಟ್ಟವಳು ತೀರಿಕೊಂಡಿರಬಹುದು, ಮಕ್ಕಳಿಗೆ ಗೊತ್ತಿಲ್ಲದಿರಬಹುದು. ಮನೆ ಬಿಡುವ ವ್ಯಾಪಾರಿಗೆ ಅದು ಕೊನೆಯ ಅವಕಾಶ. ಊರಲ್ಲಿದ್ದಷ್ಟು ಕಾಲ ‘ಕೇಳಿದರೆ ಕೊಡುತ್ತೇನೆ’ ಎಂಬ ಸಮಾಧಾನವಿತ್ತು. ಊರು ಬಿಟ್ಟ ಮೇಲೆ ಕೇಳುವವರು ಎಲ್ಲಿಗೆ ಬಂದು ಕೇಳಬೇಕು? ಆದುದರಿಂದ ಕೇಳುವ ಮೊದಲೇ ಹುಡುಕಿಕೊಂಡು ಹೋಗಿ ಕೊಡಬೇಕು. ವಾರಸುದಾರರು ಸಿಕ್ಕದಿದ್ದರೆ ಊರಿನ ನಾಲ್ವರ ಸಮಕ್ಷಮ ಬರೆದಿಡಬೇಕು. ತನಗೆ ಬರಬೇಕಾದ ಉದ್ರಿಯ ವಸೂಲಿಗೆ ತಿರುಗುವ ಕಾಲುಗಳು, ತಾನು ಕೊಡಬೇಕಾದುದಕ್ಕೂ ಅಷ್ಟೇ ತಿರುಗಬೇಕು. ತೀರಿಸಲಾಗದ ಬಡವನ ಸಣ್ಣ ಬಾಕಿಯನ್ನು ಹೊಡೆದುಹಾಕಿ ಹೊರಟರೆ ಆ ಕಿರ್ದಿ ನಿಜವಾಗಿ ಮುಗಿದಂತೆ.

ಮನೆಯನ್ನು ಮಾರುವಾಗಲೂ ಇದೇ ಮಾತು. ಶಹಾಬಾದಿ ಹಾಸುಗಲ್ಲಿನ ಮಾಳಿಗೆ ಮಳೆಗಾಲದಲ್ಲಿ ಸೋರುವುದಾದರೆ, ಬೇಸಿಗೆಯಲ್ಲಿ ನೋಡಲು ಬಂದವನಿಗೆ ಅದನ್ನು ಹೇಳಬೇಕು. ಬೆಲೆ ತಗ್ಗಬಹುದು, ಆದರೆ ಮಾತು ಉಳಿಯುತ್ತದೆ. ಬಸದಿಯ ಸವಾಲಿನಲ್ಲಿ ಕೂಗಿದ ಹಣ, ಬರೆಸಿದ ಕಾಣಿಕೆ, ಉತ್ಸವಕ್ಕೆಂದು ಕಡ ತಂದ ಪಾತ್ರೆ ಇವೆಲ್ಲವೂ ಲಾರಿ ಬರುವ ಮೊದಲು ಮರಳಬೇಕು.

ಇನ್ನು ಮನೆಯ ಚೈತ್ಯಾಲಯ. ಪ್ರತಿಷ್ಠಿತ ಬಿಂಬವನ್ನು ಪಾತ್ರೆ-ಪಗಡೆಗಳೊಡನೆ ಕಟ್ಟುವಂತಿಲ್ಲ. ಹೊಸ ಮನೆಯಲ್ಲಿ ಶುದ್ಧವಾದ ಸ್ಥಳವೂ ನಿತ್ಯಪೂಜೆಯ ನಿಶ್ಚಯವೂ ಇದ್ದರೆ ಶುಚಿರ್ಭೂತರಾಗಿ ಕೈಯಲ್ಲಿ ಒಯ್ಯಬೇಕು. ಇಲ್ಲದಿದ್ದರೆ ಪೂಜೆ ನಡೆಯುವ ಬಸದಿಗೆ ಒಪ್ಪಿಸಬೇಕು. ತಾಳೆಯೋಲೆಯ ಕಟ್ಟುಗಳು ದೊರೆತರೆ ರದ್ದಿಗೆ ಹೋಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳನ್ನು ಶ್ರವಣಬೆಳಗೊಳದಿಂದ ಮೂಡಬಿದಿರೆಗೆ ತರಲಾಯಿತೆಂಬುದು ಪರಂಪರೆಯ ಹೇಳಿಕೆ. ಅಲ್ಲಿ ಅವು ಉಳಿದುದರಿಂದಲೇ 1939ರಿಂದ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲವು ಅಚ್ಚಿನಲ್ಲಿ ಬರುವಂತಾಯಿತು. ಜಾಗ ಬದಲಿಸಿದವರು ಜೋಪಾನವಾಗಿ ಒಯ್ದರೆ ಸ್ಥಳಾಂತರವೂ ಸಂರಕ್ಷಣೆಯಾಗುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಊರಿನಲ್ಲಿ ಬೆರಳೆಣಿಕೆಯ ಮನೆಗಳಿದ್ದು ಅವುಗಳಲ್ಲಿ ಒಂದು ಹೊರಟುಹೋದರೆ, ಬಸದಿಯ ಪೂಜೆಯ ಗತಿಯೇನು? ಮಳಖೇಡದ ನೇಮಿನಾಥ ಬಸದಿಯು 9ನೆಯ ಶತಮಾನದ್ದು. ಅದರ ಪಂಚಲೋಹದ ಚೈತ್ಯದಲ್ಲಿ 96 ಬಿಂಬಗಳಿವೆ. ರಾಜಧಾನಿ ಹೋಯಿತು, ರಾಜ್ಯ ಹೋಯಿತು, ಬಸದಿ ನಿಂತಿದೆ. ಆದರೆ ಕಟ್ಟಡ ಉಳಿಯಲು ಕಲ್ಲು ಸಾಕು, ಪೂಜೆ ಉಳಿಯಲು ಮನುಷ್ಯರು ಬೇಕು. ಹಾಗಾದರೆ ಊರು ಬಿಡುವುದೇ ಅಧರ್ಮವೆನ್ನಬೇಕೆ? ಹಾಗೆನ್ನಲಾಗದು. ಮಗಳ ಓದನ್ನು ನಿಲ್ಲಿಸಿ, ರೋಗಿಯಾದ ತಾಯಿಯನ್ನು ಚಿಕಿತ್ಸೆಯಿಂದ ದೂರವಿಟ್ಟು ನಡೆಸುವ ಅಭಿಷೇಕದಲ್ಲಿ ದಯೆಯ ಅಂಶ ಕಡಿಮೆ. ಅದೇ ರೀತಿ, ‘ಇನ್ನು ನಮಗೂ ಊರಿಗೂ ಏನು ಸಂಬಂಧ’ ಎಂದು ಬೆನ್ನು ತಿರುಗಿಸುವುದರಲ್ಲಿ ಕೃತಜ್ಞತೆಯ ಅಂಶವೇ ಇಲ್ಲ. ಹೋಗುವುದು ದೋಷವಲ್ಲ, ಹೊಣೆಯನ್ನು ಯಾರಿಗೂ ಒಪ್ಪಿಸದೆ ಹೋಗುವುದು ದೋಷ. ಉಳಿದವರ ಮೇಲೆ ತನ್ನ ಪಾಳಿಯ ಭಾರವನ್ನು ಹೇರಿ ಹೋಗುವುದು ಕೂಡ ಒಂದು ಬಗೆಯ ಅತಿಭಾರಾರೋಪಣವೇ.

ಇಲ್ಲಿ ಟ್ರಸ್ಟುಗಳು ಮಾಡಬೇಕಾದ ಕೆಲಸವಿದೆ. ಊರು ಬಿಡುವ ಕುಟುಂಬದಿಂದ ವರ್ಷದಲ್ಲಿ ಇಂತಿಷ್ಟು ದಿನಗಳ ಪೂಜೆಯ ವೆಚ್ಚವನ್ನೂ ಒಂದೆರಡು ದಿನಗಳ ಸ್ವಂತ ಸೇವೆಯನ್ನೂ ಬರೆಸಿಕೊಳ್ಳಬಹುದು. ಬಸದಿಯ ಕೀಲಿ, ಲೆಕ್ಕದ ಪುಸ್ತಕ, ಬೆಳ್ಳಿಯ ಉಪಕರಣಗಳು ಹೊರಡುವವನ ವಶದಲ್ಲಿದ್ದರೆ ಇಬ್ಬರ ಸಹಿಯೊಡನೆ ಹಸ್ತಾಂತರಿಸಿಕೊಳ್ಳಬೇಕು. ಅಂತೆಯೇ ಪಟ್ಟಣದ ಟ್ರಸ್ಟುಗಳು ಹೊಸದಾಗಿ ಬಂದವರನ್ನು ತಾವಾಗಿ ವಿಚಾರಿಸಬೇಕು. ಪುಷ್ಪದಂತನು ದೂರದಿಂದ ದಣಿದು ಬಂದು ಮಾನ್ಯಖೇಟದ ಹೊರಗಿನ ಉದ್ಯಾನದಲ್ಲಿ ತಂಗಿದ್ದಾಗ ಇಬ್ಬರು ಅವನನ್ನು ಕಂಡು ನಗರದೊಳಕ್ಕೆ ಬರುವಂತೆ ಒತ್ತಾಯಿಸಿದರು. ಮಂತ್ರಿ ಭರತನು ಮನೆಯಲ್ಲಿಯೇ ಇರಿಸಿಕೊಂಡು ಆದರಿಸಿದನು. ಆ ಆದರದ ಫಲವೇ ಮಹಾಪುರಾಣ. ಹೊಸದಾಗಿ ಬಂದವನನ್ನು ಹೊರಗೆ ಬಿಟ್ಟಿದ್ದರೆ ನಷ್ಟವು ಊರಿನದಾಗುತ್ತಿತ್ತು.

ಅಮೋಘವರ್ಷನದೆಂದು ಹೇಳುವ ಪ್ರಶ್ನೋತ್ತರ ರತ್ನಮಾಲಿಕೆಯು ಅದರ ಕರ್ತೃವು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ತಿಳಿಸುತ್ತದೆ. ಅಂಥ ತ್ಯಾಗ ಎಲ್ಲರಿಗೂ ಸಾಧ್ಯವಲ್ಲ. ಆದರೆ ಪ್ರತಿಯೊಬ್ಬನೂ ಒಂದು ದಿನ ಪಟ್ಟಿ ಮಾಡಲೂ ಅವಕಾಶವಿಲ್ಲದೆ, ಒಂದು ಗಂಟನ್ನೂ ಒಯ್ಯದೆ ಹೊರಡಬೇಕಾದುದು ನಿಶ್ಚಿತ. ಮನೆ ಬದಲಿಸುವುದು ಅದಕ್ಕೆ ಪೂರ್ವಾಭ್ಯಾಸ. ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಪರರ ಒಡವೆ ಪರರಿಗೆ ಸೇರಿ, ಕೂಲಿಯವನ ಕೂಲಿ ಸಂದು, ಬಸದಿಯ ಪಾಳಿಗೆ ಇನ್ನೊಬ್ಬರು ಒಪ್ಪಿ, ನೆರೆಹೊರೆಯವರಲ್ಲಿ ಕ್ಷಮೆ ಕೇಳಿ ಆಗಿದ್ದರೆ, ಆ ಗೃಹಸ್ಥನ ಸಿದ್ಧತೆ ಪೂರ್ಣವಾಯಿತೆಂದು ತಿಳಿಯಬಹುದು. ಉಳಿದದ್ದು ಲಾರಿಯ ಕೆಲಸ.