ಊರಿಗೆ ಮರಳಿದ ರಸ್ತೆ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಲೋಕಾರ್ಪಣೆಯಾದದ್ದು 2023ರ ಮಾರ್ಚ್‌ನಲ್ಲಿ. 118 ಕಿಲೋಮೀಟರ್ ಉದ್ದದ ಆ ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಊರ ನಡುವಿನ ಹಳೆಯ ರಸ್ತೆಯಲ್ಲಿ ಹಗಲೂ ರಾತ್ರಿಯೂ ಹರಿಯುತ್ತಿದ್ದ ವಾಹನಗಳ ಸಾಲು ಈಗ ತೆಳುವಾಗಿದೆ. ಚನ್ನಪಟ್ಟಣದ ಬೊಂಬೆ ಅಂಗಡಿಯವರ ಸಂಕಟ ಸುಳ್ಳಲ್ಲ. ಮೈಸೂರಿಗೆ ಹೊರಟವರು ಕಾರು ನಿಲ್ಲಿಸಿ ಮಕ್ಕಳಿಗೊಂದು ಬುಗುರಿಯನ್ನೋ ಮರದ ಕುದುರೆಯನ್ನೋ ಕೊಳ್ಳುತ್ತಿದ್ದುದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಆದರೆ ಆ ವ್ಯಾಪಾರ ಕುದುರುತ್ತಿದ್ದುದೂ ಜನ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆಯೇ. ಅರಗಿನ ಬಣ್ಣದ ಹೊಳಪು ನಡೆಯುವವರ ಕಣ್ಣಿಗೆ ಬೀಳುವಷ್ಟು ಓಡುವವರಿಗೆ ಬೀಳದು.

ರಸ್ತೆ ಊರಿಗೆ ಮರಳಿದೆ. ಅದರ ಮೇಲೆ ನಡೆಯುವುದು ಮಾತ್ರ ಇನ್ನೂ ಕಷ್ಟವೇ. ಅಗಲ ಮಾಡಿದ ಕಾಲಕ್ಕೆ ಸಾಲುಮರಗಳು ಹೋದವು, ನೆರಳೂ ಹೋಯಿತು. ಫುಟ್‌ಪಾತ್ ಇರುವಲ್ಲಿ ಬೈಕುಗಳು ನಿಂತಿರುತ್ತವೆ. ಅರ್ಧ ಕಿಲೋ ಟೊಮೆಟೊ ತರಲು ನಾವು ಸ್ಕೂಟರ್ ಕೀಲಿ ಹುಡುಕುವುದು ಸೋಮಾರಿತನದಿಂದಲ್ಲ, ಏಪ್ರಿಲ್ ಬಿಸಿಲಿನಲ್ಲಿ ಆ ಬೀದಿ ನಡೆಯುವವರನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂಬ ಕಾರಣಕ್ಕೆ. ಕನಕಪುರ, ಮಾಗಡಿಯ ಪೇಟೆ ಬೀದಿಗಳಲ್ಲೂ ಇದೇ ಪಾಡು.

ದಾರಿ ಯಾರಿಗಾಗಿ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಉತ್ತರವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಆಲದ ಸಸಿ ನೆಟ್ಟರು. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು, ಸರಿಯೇ. ನನ್ನನ್ನು ಹೆಚ್ಚು ತಟ್ಟುವುದು ಬೇರೆ ಸಂಗತಿ: ಅವರು ಆ ದಾರಿಯಲ್ಲಿ ನಡೆದೇ ನಡೆದು, ಅಲ್ಲಿ ಏನು ಬೇಕೆಂಬುದನ್ನು ಕಾಲಿನಿಂದಲೇ ಅರಿತಿದ್ದರು. ಇಂಥ ಪರೋಪಕಾರಕ್ಕೆ ದೊಡ್ಡ ಯೋಜನೆ ಬೇಕಾಗಲಿಲ್ಲ.

ಹಳೆಯ ಹೆದ್ದಾರಿಗೂ ಈಗ ಅಂಥ ಕೈಗಳು ಬೇಕು. ಬೆಂಗಳೂರಿನಿಂದ ಬರುವವರಿಗೆ ರೈಲಿದೆ. ಚನ್ನಪಟ್ಟಣದಲ್ಲಿ ಇಳಿದವರು ನೆರಳಿನಲ್ಲಿ ನಡೆಯುತ್ತಾ ಬೊಂಬೆ ಅಂಗಡಿ ತಲುಪುವಂತಾದರೆ ಹೋದ ವ್ಯಾಪಾರದ ಒಂದು ಪಾಲಾದರೂ ಮರಳೀತು. ಶಾಲೆಯ ಮುಂದೆ, ಬಸ್ ನಿಲ್ದಾಣದ ಬಳಿ ರಸ್ತೆ ದಾಟಲು ಜಾಗ ಮಾಡಿಕೊಡಿ ಎಂದು ನಗರಸಭೆಗೆ ನಾವೇ ಬರೆದುಕೊಡಬಹುದು. ಅಂಗಡಿಯವರು ಬೋರ್ಡನ್ನು ಎರಡಡಿ ಒಳಗೆ ಸರಿಸಿದರೆ ಕೈಗೂಸು ಎತ್ತಿಕೊಂಡ ತಾಯಿ ರಸ್ತೆಗೆ ಇಳಿಯಬೇಕಿಲ್ಲ. ಮುಂಗಾರು ಬರುವ ಮುಂಚೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಹೊಂಗೆ, ನೇರಳೆ ಸಸಿಗಳನ್ನು ವಿಚಾರಿಸಿ. ಮನೆ ಮುಂದಿನ ಒಂದು ಗುಂಡಿ ಮತ್ತು ಮೊದಲ ಎರಡು ಬೇಸಿಗೆಯ ನೀರು ನಮ್ಮ ಪಾಲಿನದಾಗಿರಲಿ.