ದ್ವಿತ್ವದ ಗಣನೆ

ಜಪಾನಿನ ಟೋಕಿಯೋ ನಗರದಲ್ಲಿ ವರ್ಷಕ್ಕೆರಡು ಬಾರಿ, ಆಗಸ್ಟಿನ ಬೇಗೆಯಲ್ಲೊಮ್ಮೆ, ಡಿಸೆಂಬರಿನ ಕೊನೆಯ ಚಳಿಯಲ್ಲೊಮ್ಮೆ, ಕಾಮಿಕ್ ಮಾರ್ಕೆಟ್ ಎಂಬ ಮಹಾಸಂತೆ ನೆರೆಯುವುದುಂಟು. ಕಾಮಿಕೆಟ್ ಎಂಬುದು ಅದರ ರೂಢಿಯ ಹೆಸರು. 1975ರ ಡಿಸೆಂಬರ್ 21ರಂದು ತೊರಾನೊಮೊನ್ ಪ್ರದೇಶದ ಒಂದು ಸಭಾಂಗಣದಲ್ಲಿ ಸರ್ಕಲ್ ಎಂದು ಕರೆಯಲಾಗುವ 32 ಲೇಖಕ ತಂಡಗಳೂ ಸುಮಾರು 700 ಮಂದಿ ಓದುಗರೂ ಸೇರಿ ಆರಂಭಿಸಿದ ಈ ಕೂಟವು 2019ರ ಚಳಿಗಾಲದಲ್ಲಿ, ನಾಲ್ಕು ದಿನಗಳ ಅವಧಿಯಲ್ಲಿ, 7,50,000 ಮಂದಿಯನ್ನು ಬಿಗ್ ಸೈಟ್ ಎಂಬ ಪ್ರದರ್ಶನಾಲಯಕ್ಕೆ ಸೆಳೆದು ತಂದಿತು. ಅಲ್ಲಿ ಕೈಯಿಂದ ಕೈಗೆ ಸಾಗುವ ಸರಕು ಡೋಜಿನ್‌ಶಿ, ಎಂದರೆ ಬರೆದವರೇ ತಮ್ಮ ಹಣದಿಂದ ಅಚ್ಚು ಹಾಕಿಸಿ, ತಾವೇ ಮೇಜಿನ ಹಿಂದೆ ಕುಳಿತು ಮಾರುವ ತೆಳ್ಳನೆಯ ಚಿತ್ರಕಥೆ. ಕೊಳ್ಳಬಂದವರನ್ನು ಆ ಕೂಟದ ವ್ಯವಸ್ಥಾಪಕರು ಗಿರಾಕಿಗಳೆಂದು ಕರೆಯುವುದಿಲ್ಲ. ಬರೆದವರೂ ಕೊಂಡವರೂ ಸಮಾನವಾಗಿ ಭಾಗಿಗಳೆಂಬುದು ಅವರ ನಿಯಮ, ಮತ್ತು ಅದು ಬರಿಯ ಸೌಜನ್ಯದ ಮಾತಲ್ಲವೆಂದು ನಾನು ನಂಬಿದ್ದೇನೆ.

ಈ ಪುಸ್ತಕಗಳಲ್ಲಿ ಬಹಳಷ್ಟು, ಪ್ರಸಿದ್ಧವಾದೊಂದು ಮಾಂಗಾ ಅಥವಾ ಅನಿಮೆಯಿಂದ ಎರಡು ಪಾತ್ರಗಳನ್ನು ಎತ್ತಿಕೊಂಡು, ಮೂಲಕರ್ತನು ಮಿತ್ರರೆಂದೋ ಪ್ರತಿಸ್ಪರ್ಧಿಗಳೆಂದೋ ಬಿಟ್ಟಿದ್ದ ಅವರನ್ನು ಪ್ರಣಯಿಗಳನ್ನಾಗಿ ಕಾಣುತ್ತವೆ. ಬಾಲಕರ ಫುಟ್‌ಬಾಲ್ ಕಥೆಯಾದ ‘ಕ್ಯಾಪ್ಟನ್ ತ್ಸುಬಾಸಾ’ 1983ರಲ್ಲಿ ದೂರದರ್ಶನಕ್ಕೆ ಬಂದ ಮೇಲೆ, ಹ್ಯೂಗಾ ಎಂಬ ಮುಂಚೂಣಿಯ ಆಟಗಾರನನ್ನೂ ವಾಕಾಶಿಮಾಜು ಎಂಬ ಗೋಲ್‌ಕೀಪರನನ್ನೂ ಜೋಡಿಯಾಗಿ ಕಂಡು ಅಸಂಖ್ಯ ತರುಣಿಯರು ಪುಸ್ತಕ ಬರೆದರು, ಅದರ ಅಲೆ ಇಳಿಯುವ ಮುನ್ನವೇ ‘ಸೇಂಟ್ ಸೇಯಾ’ದ ಅಲೆ ಎದ್ದಿತು, ಅಲ್ಲಿಂದೀಚೆಗೆ ಈ ಏರಿಳಿತ ನಿಂತಿಲ್ಲ. ಈ ಏರಿಳಿತವನ್ನು ಅಳೆಯುವ ಶ್ರದ್ಧಾವಂತರೂ ಹುಟ್ಟಿಕೊಂಡರು. ಸಂತೆಗೆ ಮುನ್ನ ಪ್ರಕಟವಾಗುವ ದಪ್ಪನಾದ ಕ್ಯಾಟಲಾಗಿನಲ್ಲಿ ಪ್ರತಿಯೊಂದು ಸರ್ಕಲ್ಲಿಗೂ ಒಂದು ಪುಟ್ಟ ಚಿತ್ರಚೌಕ ಮೀಸಲಿರುತ್ತದೆ. ಯಾವ ಕೃತಿ, ಯಾವ ಜೋಡಿ ಎಂಬುದನ್ನು ಆ ಚೌಕ ಸಾರುತ್ತದೆ. ಒಂದು ಕೃತಿಗೆ ಸರ್ಕಲ್‌ಗಳು ಹೆಚ್ಚಿದಾಗ ವ್ಯವಸ್ಥಾಪಕರು ಅದಕ್ಕೆ ಪ್ರತ್ಯೇಕ ವಿಭಾಗಸಂಖ್ಯೆಯನ್ನು ಕೊಡುತ್ತಾರೆ, ಕ್ಷೀಣಿಸಿದಾಗ ಇತರ ಕೃತಿಗಳ ಜೊತೆ ಸೇರಿಸಿಬಿಡುತ್ತಾರೆ. ಆ ಚೌಕಗಳನ್ನು ಒಂದೊಂದಾಗಿ ಎಣಿಸಿ, ಇಂಥ ಜೋಡಿ ಕಳೆದ ಬೇಸಗೆಗಿಂತ ಇಷ್ಟು ಏರಿತು, ಇಂಥದು ಇಷ್ಟು ಇಳಿಯಿತು ಎಂದು ಲೆಕ್ಕ ಹೇಳಬಹುದು.

ಆದರೆ ಹೀಗೆ ಎಣಿಸಿದವನು ಎಣಿಸಿದ್ದು ಏನನ್ನು? ಪ್ರೀತಿಯನ್ನೆ? ಕಾಗದವನ್ನೆ? ಎಲ್ಲಿಯೂ ಇಲ್ಲದ ಇಬ್ಬರ ನಡುವೆ ಇದೆಯೆಂದು ಭಾವಿಸಲಾದ ಒಂದು ಸಂಬಂಧವನ್ನೆ? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಸಂಖ್ಯೆಯ ಸ್ವರೂಪವನ್ನು ಕುರಿತು ನಮ್ಮ ಪೂರ್ವಿಕರು ಎಷ್ಟು ಗಂಭೀರವಾಗಿ ಚಿಂತಿಸಿದ್ದರೆಂಬುದನ್ನು ಮರೆತವರು.

ವೈಶೇಷಿಕರ ಮತದಲ್ಲಿ ಸಂಖ್ಯೆ ಒಂದು ಗುಣ. ಏಕತ್ವವು ವಸ್ತುವಿನಲ್ಲಿ ನೋಡುವವರ ಹಂಗಿಲ್ಲದೆ ಇರತಕ್ಕದ್ದು, ದ್ವಿತ್ವವಾದರೋ ಹಾಗಲ್ಲ. ಎದುರಿಗೆ ಎರಡು ಘಟಗಳಿದ್ದ ಮಾತ್ರಕ್ಕೆ ಅವುಗಳಲ್ಲಿ ಎರಡೆಂಬ ಗುಣ ಇರುವುದಿಲ್ಲ. ಇದು ಒಂದು, ಇದೂ ಒಂದು ಎಂದು ಎರಡನ್ನೂ ಒಟ್ಟಿಗೆ ಹಿಡಿಯುವ ಬುದ್ಧಿಯೊಂದು ಉದಿಸಿದಾಗ ಅದು ಹುಟ್ಟುತ್ತದೆ. ಆ ಬುದ್ಧಿಗೆ ಅಪೇಕ್ಷಾಬುದ್ಧಿಯೆಂದು ಹೆಸರು. ಅದು ನಾಶವಾದರೆ ದ್ವಿತ್ವವೂ ನಾಶವಾಗುತ್ತದೆ. ಆ ದರ್ಶನದ ಭಾಷ್ಯಕಾರರಾದ ಪ್ರಶಸ್ತಪಾದರು ಈ ಉತ್ಪತ್ತಿವಿನಾಶಗಳ ಕ್ರಮವನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಗಮನಿಸಬೇಕಾದ ಅಂಶವೇನೆಂದರೆ, ಬುದ್ಧಿಯಿಂದ ಹುಟ್ಟಿತೆಂಬ ಕಾರಣಕ್ಕೆ ಅವರು ದ್ವಿತ್ವವನ್ನು ಭ್ರಾಂತಿಯೆಂದು ತಳ್ಳಿಹಾಕುವುದಿಲ್ಲ. ಅದು ಎರಡು ವಸ್ತುಗಳನ್ನೂ ಒಟ್ಟಾಗಿ ವ್ಯಾಪಿಸಿಕೊಂಡು ನಿಲ್ಲುವ ನಿಜವಾದ ಗುಣ. ಮನಸ್ಸು ಅದಕ್ಕೆ ನಿಮಿತ್ತ, ಆಶ್ರಯವಲ್ಲ.

ಡೋಜಿನ್‌ಶಿಯ ಜೋಡಿಯನ್ನು ವಿವರಿಸಲು ಇದಕ್ಕಿಂತ ಹತ್ತಿರದ ತತ್ತ್ವ ನನಗೆ ದೊರೆತಿಲ್ಲ. ಮೂಲಕೃತಿಯಲ್ಲಿ ಹ್ಯೂಗಾ ಒಬ್ಬ, ವಾಕಾಶಿಮಾಜು ಒಬ್ಬ. ಗೋಲಿನ ಮುಂದೆ ನಿಂತವನನ್ನೂ ಚೆಂಡಿನೊಡನೆ ಧಾವಿಸುವವನನ್ನೂ ಲಕ್ಷಾಂತರ ಮಂದಿ ನೋಡಿ ದಾಟಿಹೋದರು. ಒಬ್ಬಳು ಮಾತ್ರ ಇಬ್ಬರನ್ನೂ ಏಕಕಾಲದಲ್ಲಿ ಹಿಡಿದಳು. ಆಗ ಜೋಡಿ ಹುಟ್ಟಿತು. ಚಿತ್ರದ ಬಾಲಕನು ದ್ರವ್ಯವಲ್ಲ, ಅವನಲ್ಲಿ ಗುಣವೆಂತು ನಿಂತೀತು ಎಂದು ವೈಶೇಷಿಕನೊಬ್ಬನು ಕೂಡಲೇ ಆಕ್ಷೇಪಿಸಬಹುದು, ಮತ್ತು ಆ ಆಕ್ಷೇಪ ಬಲವಾದದ್ದೇ. ಕಥಾಪುರುಷರನ್ನು ದ್ರವ್ಯಗಳೆಂದು ಸಾಧಿಸುವ ಉದ್ದೇಶ ನನ್ನದಲ್ಲ. ಎರಡೆಂಬುದು ಹುಟ್ಟುವ ಬಗೆ ಎರಡು ಕಡೆಯೂ ಒಂದೇ ಎಂಬಷ್ಟನ್ನು ಮಾತ್ರ ನಾನು ಹೇಳುತ್ತಿದ್ದೇನೆ. ಅಷ್ಟರಿಂದಲೇ, ಇಲ್ಲದ್ದನ್ನು ಕಲ್ಪಿಸಿಕೊಂಡ ಹುಚ್ಚು ಎಂಬ ನಿಂದೆಯೂ, ಮೂಲದಲ್ಲಿ ಅಡಗಿದ್ದದ್ದನ್ನೇ ಹೊರತೆಗೆದೆವೆಂಬ ಅಭಿಮಾನಿಗಳ ಸಮರ್ಥನೆಯೂ ಸಮನಾಗಿ ಸಡಿಲವಾಗುತ್ತವೆ.

ಇಲ್ಲಿಂದ ಮುಂದೆ ಗಣಕನ ಕಷ್ಟ ಆರಂಭವಾಗುತ್ತದೆ. ಒಬ್ಬನ ಅಪೇಕ್ಷಾಬುದ್ಧಿಯಿಂದ ಹುಟ್ಟಿದ ದ್ವಿತ್ವ ಅವನಿಗೇ ಗೋಚರ, ಅನ್ಯನಿಗಲ್ಲ ಎಂಬುದು ಶಾಸ್ತ್ರದ ಮಾತು. ಹಾಗಾದರೆ ಒಂದೇ ಜೋಡಿಯನ್ನು ಕುರಿತು ಸಾವಿರ ಸರ್ಕಲ್‌ಗಳು ಬರೆದಾಗ ಅಲ್ಲಿರುವುದು ಸಾವಿರ ಮಂದಿ ಪ್ರೀತಿಸಿದ ಒಂದು ಜೋಡಿಯಲ್ಲ, ಸಾವಿರ ಜೋಡಿಗಳು. ಅವೆಲ್ಲವನ್ನೂ ಒಂದು ಹೆಸರಿನ ಕೆಳಗೆ ತಂದು ಸಾವಿರವೆನ್ನುವವನು ಗಣಕ, ಮತ್ತು ಆ ಸಾವಿರವೆಂಬ ಸಂಖ್ಯೆ ಅವನ ಅಪೇಕ್ಷಾಬುದ್ಧಿಯ ಫಲ. ಸೇನೆ, ವನ ಮುಂತಾದ ಕಡೆ ಇಷ್ಟೇ ಎಂಬ ನಿಯಮವಿಲ್ಲದೆ ತೋರುವ ಬಹುತ್ವವು ಮೂರು ನಾಲ್ಕು ನೂರುಗಳಿಂದ ಬೇರೆಯಾದ ಸಂಖ್ಯೆಯೆಂದು, ಪ್ರಶಸ್ತಪಾದರ ಗ್ರಂಥಕ್ಕೆ ವ್ಯಾಖ್ಯಾನ ಬರೆದವರಲ್ಲಿ ಕಂದಲೀಕಾರರೂ, ಬೇರೆಯಲ್ಲವೆಂದು ಉದಯನಾಚಾರ್ಯರೂ ಅಭಿಪ್ರಾಯಪಟ್ಟರು. ಬಿಗ್ ಸೈಟಿನ ಮುಂದೆ ನಸುಕಿನಲ್ಲಿ ಸಾಲುಗಟ್ಟಿದ ಜನಸಾಗರವನ್ನು ನೆನೆದಾಗ ನನ್ನ ಮನಸ್ಸು ಕಂದಲೀಕಾರರ ಕಡೆಗೆ ಒಲಿಯುತ್ತದೆ; ಕ್ಯಾಟಲಾಗನ್ನು ನೆನೆದಾಗ ಉದಯನರ ಕಡೆಗೆ.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯವಾದದ್ದು. ಜಪಾನಿನ ಅಭಿಮಾನಿಗಳು ಜೋಡಿಯನ್ನು ಎರಡು ಹೆಸರುಗಳ ನಡುವೆ ಗುಣಾಕಾರದ ಚಿಹ್ನೆಯಿಟ್ಟು ಬರೆಯುತ್ತಾರೆ. ಮೊದಲ ಹೆಸರಿನವನು ಪ್ರಣಯದಲ್ಲಿ ಮುಂದಾಗುವವನು, ಎರಡನೆಯವನು ಅದನ್ನು ಸ್ವೀಕರಿಸುವವನು. ಗಣಿತದಲ್ಲಿ ಗುಣ್ಯಗುಣಕಗಳ ಸ್ಥಾನ ಬದಲಾದರೂ ಫಲ ಬದಲಾಗದು; ಇಲ್ಲಿಯಾದರೋ ಸ್ಥಾನ ಬದಲಾದರೆ ಜೋಡಿಯೇ ಬೇರೆ, ಪುಸ್ತಕವೇ ಬೇರೆ, ಓದುಗರೇ ಬೇರೆ, ಮತ್ತು ಒಂದನ್ನು ಪ್ರಾಣದಂತೆ ಪ್ರೀತಿಸುವವರಲ್ಲಿ ಅದರ ವಿಲೋಮವನ್ನು ಸಹಿಸಲಾರದವರೂ ಉಂಟು. ಗಣಕನು ಇವೆರಡನ್ನೂ ಕೂಡಿಸಬೇಕೆ, ಬೇರೆಯಿಡಬೇಕೆ? ಇಬ್ಬರನ್ನು ಸಮನಾಗಿ ವ್ಯಾಪಿಸುವ ದ್ವಿತ್ವಕ್ಕೆ ಪೂರ್ವಾಪರಗಳಿಲ್ಲ, ಸಂಬಂಧಕ್ಕೆ ಇವೆ. ಆದ್ದರಿಂದ ಬೇರೆಯಿಡಬೇಕೆಂದೇ ನನ್ನ ನಿರ್ಣಯ. ಕೂಡಿಸಿದವನಿಗೆ ದೊಡ್ಡ ಸಂಖ್ಯೆ ಸಿಕ್ಕೀತು, ಆದರೆ ಆ ಜನ ಯಾವುದಕ್ಕಾಗಿ ರಾತ್ರಿಗಳನ್ನು ಎಚ್ಚರದಲ್ಲಿ ಕಳೆದರೋ ಅದು ಅವನ ಪಟ್ಟಿಯಿಂದ ಜಾರಿಹೋಗುತ್ತದೆ.

ಲೆಕ್ಕದ ಉಳಿದ ದೋಷಗಳು ಸುಲಭವಾಗಿ ಕಾಣುವಂಥವು. ಸ್ಥಳಕ್ಕಾಗಿ ಅರ್ಜಿಯನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಸಲ್ಲಿಸಬೇಕಾದ್ದರಿಂದ ಬೇಸಗೆಯ ಕ್ಯಾಟಲಾಗು ಕಳೆದ ಚಳಿಗಾಲದ ಮನಸ್ಸನ್ನು ಹೇಳುತ್ತದೆ. ಅರ್ಜಿಗಳು ಸ್ಥಳಕ್ಕಿಂತ ಹೆಚ್ಚಾಗಿ ಚೀಟಿಯೆತ್ತುವಾಗ ಎಷ್ಟೋ ಮಂದಿ ಹೊರಗುಳಿಯುತ್ತಾರೆ. ಐವತ್ತು ಪ್ರತಿ ತಂದವರಿಗೂ ಸಾವಿರಾರು ಪ್ರತಿ ತಂದವರಿಗೂ ಚೌಕ ಒಂದೇ. ಆದರೆ 2012ರ ಡಿಸೆಂಬರಿನಲ್ಲಿ ನಡೆದದ್ದು ಬೇರೆಯೇ ಬಗೆಯದು. ‘ಕುರೊಕೊ ನೊ ಬಾಸುಕೆ’ ಎಂಬ ಬಾಸ್ಕೆಟ್‌ಬಾಲ್ ಕಥೆ ಅಂದು ಅತ್ಯಂತ ಜನಪ್ರಿಯವಾಗಿತ್ತು. ಆ ಕೃತಿಗೆ ಸಂಬಂಧಿಸಿದ ಸ್ಥಳಗಳಿಗೆ ಯಾರೋ ಸರಣಿಯಾಗಿ ಬೆದರಿಕೆಯ ಪತ್ರಗಳನ್ನು ಕಳುಹಿಸಿದ ಕಾರಣ, ಅದನ್ನು ಕುರಿತು ಬರೆಯುವ ನೂರಾರು ಸರ್ಕಲ್‌ಗಳು ಆ ಸಲದ ಕಾಮಿಕೆಟ್ಟಿನಿಂದ ದೂರವುಳಿಯಬೇಕಾಯಿತು. ಬೆದರಿಕೆ ಹಾಕಿದವನು ಸೆರೆ ಸಿಕ್ಕಿದ್ದು ಮರುವರ್ಷದ ಕೊನೆಗೆ. ಅಂದು ಸಂತೆಯ ಮೇಜುಗಳನ್ನು ಎಣಿಸಿದವನಿಗೆ ಆ ಕೃತಿಯ ಜೋಡಿಗಳ ಲೆಕ್ಕ ಶೂನ್ಯ. ಬರೆದು ಮುಗಿಸಿದ ಪುಸ್ತಕವನ್ನು ಮನೆಯಲ್ಲಿಟ್ಟುಕೊಂಡು ಕುಳಿತವಳ ಅಪೇಕ್ಷಾಬುದ್ಧಿ ಶೂನ್ಯವಾಗಿತ್ತೆಂದು ಯಾರು ಹೇಳಬಲ್ಲರು?

ಹಾಗೆಂದು ಎಣಿಕೆಯನ್ನು ನಾನು ಹಳಿಯಲಾರೆ. ರಾಮಕೋಟಿ ಬರೆಯುವ ವೃದ್ಧೆ ಪ್ರತಿದಿನ ಪುಟದ ಅಂಚಿನಲ್ಲಿ ಅಂದಿನ ಸಂಖ್ಯೆಯನ್ನು ಗುರುತಿಸಿಕೊಳ್ಳುತ್ತಾಳೆ. ಅದು ರಾಮನ ಅಳತೆಯೆಂದು ಅವಳು ಎಂದೂ ತಿಳಿದವಳಲ್ಲ. ಸಂಖ್ಯೆ ಅವಳ ವ್ರತದ ಅಂಗ. ಅವಳ ಎಣಿಕೆ ಒಳಗಿನದು, ಕ್ಯಾಟಲಾಗಿನ ಎಣಿಕೆ ಹೊರಗಿನದು, ಆ ಭೇದ ಇದ್ದೇ ಇದೆ. ಆದರೂ ಕ್ಯಾಟಲಾಗಿನ ಪ್ರತಿಯೊಂದು ಚೌಕದ ಹಿಂದೆ ಕೆಲಸದ ದಿನ ಮುಗಿಸಿ ಬಂದು ಗೆರೆಯೆಳೆದ ಕೈಯಿದೆ, ಅಚ್ಚುಕೂಟಕ್ಕೆ ಕಟ್ಟಿದ ಸ್ವಂತ ಹಣವಿದೆ. ಇಷ್ಟು ವ್ಯಯವಾದ ಮೇಲೆ ದಾಖಲಾದ ಒಲವು ಬೆರಳ ತುದಿಯಿಂದ ಒತ್ತಿ ತಿಳಿಸುವ ಮೆಚ್ಚಿಗೆಗಿಂತ ನಂಬಿಕೆಗೆ ಎಷ್ಟೋ ಅರ್ಹವಾದದ್ದು.

ಸಂತೆಯ ದಿನ ಪ್ರತಿಯೊಂದು ಸರ್ಕಲ್ಲೂ ಹೊಸ ಪುಸ್ತಕದ ಮಾದರಿ ಪ್ರತಿಯೊಂದನ್ನು ವ್ಯವಸ್ಥಾಪಕರಿಗೆ ಒಪ್ಪಿಸತಕ್ಕದ್ದು. ಅವರು ಅದನ್ನು ಕಾಪಾಡಿಡುತ್ತಾರೆ. ಸ್ಥಾಪಕರಲ್ಲೊಬ್ಬರಾಗಿ, 1980ರಿಂದ ತಮ್ಮ ಮರಣದ ವರ್ಷವಾದ 2006ರವರೆಗೆ ಈ ಕೂಟವನ್ನು ನಡೆಸಿದ ಯೊನೆಜಾವಾ ಯೊಶಿಹಿರೊ ಅವರ ಸ್ವಂತ ಸಂಗ್ರಹವು 2009ರಲ್ಲಿ ಮೇಜಿ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಗ್ರಂಥಾಲಯವಾಯಿತು. ಹೀಗೆ ಉಳಿದುಬಂದ ಹಳೆಯ ಪುಸ್ತಕವೊಂದನ್ನು, ಬರೆದವಳೇ ಮರೆತಿರಬಹುದಾದ ಜೋಡಿಯ ಕಥೆಯನ್ನು, ಇಂದು ಒಬ್ಬಳು ತೆರೆದು, ಅದೇ ಇಬ್ಬರನ್ನು ಒಟ್ಟಿಗೆ ಹಿಡಿದಳೆನ್ನೋಣ. ಹುಟ್ಟಿದ್ದು ಹಿಂದಿನ ದ್ವಿತ್ವವೋ, ಬೇರೊಂದೋ? ಬೇರೊಂದೇ ಎನ್ನುತ್ತದೆ ಶಾಸ್ತ್ರ, ಏಕೆಂದರೆ ಬುದ್ಧಿ ಬೇರೆ. ನನಗೂ ಹಾಗೆಯೇ ತೋರುತ್ತದೆ. ಮತ್ತು ಹಾಗಾದ ಪಕ್ಷದಲ್ಲಿ, 1980ರ ದಶಕದ ಕ್ಯಾಟಲಾಗನ್ನು ಆಧರಿಸಿ ಎಂದೋ ಮುಗಿಸಿದ ಲೆಕ್ಕಕ್ಕೆ ಇಂದು ಈಕೆಯನ್ನು ಸೇರಿಸಲಾಗದು. ಈಕೆಗೆ ಹೊಸದೊಂದು ಲೆಕ್ಕವನ್ನೇ ತೆರೆಯಬೇಕಾಗುತ್ತದೆ.